ಕರೂರಿಗೆ ಕೊಟ್ಟ ಬೆಕ್ಕು

ಸಿರುಗುಪ್ಪದ ಅಕ್ಕಿ ಗಿರಣಿಯ ಹಿಂದಿನ ಹಳೇ ಷೆಡ್ಡನ್ನು ಊರವರು ‘ಬೆಕ್ಕಿನ ಛತ್ರ’ ಎನ್ನುತ್ತಿದ್ದರು. ಕಾಲುವೆಗೆ ಎಸೆದ ಬೆಕ್ಕುಗಳು, ಲಾರಿಗೆ ಸಿಕ್ಕಿ ಉಳಿದವು, ತಾಯಿ ಬಿಟ್ಟುಹೋದವು, ಎಲ್ಲವನ್ನೂ ಗಿರಣಿಯ ಒಡತಿ ವೀರಭದ್ರಮ್ಮ ಅಲ್ಲಿ ಸಾಕಿ, ಕೇಳಿ ಬಂದವರಿಗೆ ಕೊಡುತ್ತಿದ್ದಳು. ಕಾಲುವೆ ನೀರು ಬಂದು ಭತ್ತದ ಜೊತೆ ಇಲಿಯೂ ಹೆಚ್ಚಿದ ಕಾಲ, ಕೇಳುವವರಿಗೆ ಬರವಿರಲಿಲ್ಲ. ಭತ್ತ ಹಸನು ಮಾಡುವ ಹೊನ್ನೂರಮ್ಮ ಕೂಲಿ ಮುಗಿದ ಮೇಲೆ ಬಿಟ್ಟಿಯಾಗಿ ಅವುಗಳ ಚಾಕರಿ ಮಾಡುತ್ತಿದ್ದಳು.

“ಮಕ್ಕಳಿಲ್ಲದಾಕಿ, ಬೆಕ್ಕಿಗೆ ಬಾಣಂತನ ಮಾಡ್ತಾಳ” ಎಂದು ಹಮಾಲಿ ಉಜ್ಜಿನಪ್ಪ ಅಣಕಿಸಿದರೆ, “ನಿನ್ನ ಹೇಣ್ತಿಗೂ ಮಾಡೀನಲ್ಲಲೇ, ಆಗ ಬಾಯಿ ಎಲ್ಲಿಟ್ಟಿದ್ದಿ?” ಎನ್ನುತ್ತಿದ್ದಳು.

ಅವಳ ಜೀವವೆಲ್ಲ ಕೆಂಚ ಎಂಬ ಕುಂಟು ಬೆಕ್ಕಿನ ಮೇಲೆ. ಹಾಲಲ್ಲಿ ಅದ್ದಿದ ಬತ್ತಿ ಚೀಪಿಸಿ ಉಳಿಸಿದ ಮರಿ ಅದು. ಹತ್ತಿರದ ಹಳ್ಳಿ ಕರೂರಿನ ಈರಮ್ಮ ಬಂದು ಕೇಳಿದಾಗ ಕೊಡಲು ಮನಸ್ಸಾಗಲಿಲ್ಲ. ಈರಮ್ಮನ ಮನೆಮಾತು ತೆಲುಗು. ಕಂಕುಳಲ್ಲಿ ಕಡ್ಡಿಯಂಥ ಮಗಳು.

“ಕಾಯಿಲಿ ಮಗು, ಅನ್ನ ಮುಟ್ಟವಲ್ದು. ಬಾಜೂಕ ಕುಂತು ಬೆಕ್ಕು ತಿಂದ್ರ ತಾನೂ ಒಂದು ತುತ್ತು ತಿಂತಾಳ.”

ಮಗು ಆಗಲೇ ಕೆಂಚನ ಕಿವಿ ಹಿಡಿದುಕೊಂಡಿತ್ತು. ಹೊನ್ನೂರಮ್ಮ ಸೋತಳು. ದಾರಿಯ ಗುರುತು ಸಿಗದಂತೆ ಬೆಕ್ಕನ್ನು ಚೀಲದಲ್ಲಿ ಹಾಕಿಕೊಟ್ಟು, “ಏನರ ಆದ್ರ ನನಗ ಹೇಳಿ ಕಳಸಬೇಕು ನೋಡು” ಎಂದು ಆಣೆ ಮಾಡಿಸಿಕೊಂಡಳು.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕರೂರು ಬಸ್ಸಿನ ಕಂಡಕ್ಟರು ಬಾಗಿಲಿಗೆ ಜೋತುಬಿದ್ದು ಏನೋ ಕೂಗಿದ. ಗಿರಣಿಯ ಸದ್ದಿನಲ್ಲಿ ಅವಳಿಗೆ ಕೇಳಿಸಿದ್ದು ಇಷ್ಟು: “ಈರಮ್ಮ ಹೇಳಂದ್ಳು, ಪಿಲ್ಲಿ ಪೋಯಿಂದಂಟ!”

ತೆಲುಗಿನ ಪಿಲ್ಲಿ ಎಂದರೆ ಬೆಕ್ಕು, ಪೋಯಿಂದಂಟ ಎಂದರೆ ಹೋಯಿತಂತೆ. ಕೆಂಚ ಸತ್ತಿದ್ದ.

“ಇಲಿ ಪಾಷಾಣ ಇಟ್ಟಿರ್ತಾರ, ಪಾಪಿಗಳು!” ಹೆಣವನ್ನಾದರೂ ತಂದು ಹೂಳೋಣವೆಂದು ಹೊನ್ನೂರಮ್ಮ ಚೀಲ ಹಿಡಿದು ಹೊರಟಳು. “ಕೇಳಿ ಬೈಯಿ, ಬೈದು ಕೇಳಬ್ಯಾಡ” ಎಂದು ವೀರಭದ್ರಮ್ಮ ಹೇಳಿದ್ದು ಕಿವಿಗೆ ಬೀಳಲಿಲ್ಲ.

ಕರೂರಿನಲ್ಲಿ ಈರಮ್ಮ ತನ್ನ ಮನೆಯ ಹೊಸ್ತಿಲ ಮೇಲೆ ಕುಳಿತಿದ್ದಳು.

“ಒಂದು ಜೀವ ಕಾಯಾಕ ಆಗ್ಲಿಲ್ಲೇನು ನಿನಗ? ಏನು ತಿಂತೈತಿ, ಎಲ್ಲಿ ಬಾಯಿ ಹಾಕ್ತೈತಿ, ನೋಡಬಾರದಿತ್ತಾ? ಸಾಕಾಕ ಬರದಾಕಿಗೆ ಯಾಕ ಬೇಕಿತ್ತು?”

ಈರಮ್ಮ ತಲೆ ಎತ್ತಲಿಲ್ಲ. “ಹೌದವ್ವ. ಕಾಯಾಕ ಆಗ್ಲಿಲ್ಲ. ಬಳ್ಳಾರಿ ದವಾಖಾನಿಗೂ ಒಯ್ದಿದ್ವಿ.”

ಬೆಕ್ಕನ್ನು ಬಳ್ಳಾರಿಗೆ ಯಾರು ಒಯ್ಯುತ್ತಾರೆ ಎಂದು ಹೊನ್ನೂರಮ್ಮ ಬಾಯಿ ತೆರೆಯುವಷ್ಟರಲ್ಲಿ ಕೆಂಚ ಒಳಗಿನಿಂದ ಕುಂಟುತ್ತ ಬಂದು ಅವಳ ಕಾಲಿಗೆ ಮೈ ಉಜ್ಜಿದ.

ಕಂಡಕ್ಟರು ಕೂಗಿದ್ದು ಪಿಲ್ಲಿ ಅಲ್ಲ, ಪಿಲ್ಲ. ಹುಡುಗಿ.

ಮಗು ಹೋದ ಮನೆಗೆ ಬೆಕ್ಕಿಗಾಗಿ ಜಗಳಕ್ಕೆ ಬಂದೆ ಎನ್ನುವುದು ಯಾವ ಬಾಯಿಂದ? ಆದರೆ ಹೇಳದಿದ್ದರೆ ಆ ತಾಯಿ ಈ ಬೈಗುಳವನ್ನು ಸಾಯುವತನಕ ಹೊತ್ತಿರುತ್ತಾಳೆ. ಹೊನ್ನೂರಮ್ಮ ಅವಳ ಕಾಲು ಹಿಡಿದಳು.

“ನಿನಗ ಅಂದಿದ್ದಲ್ಲವ್ವ ಅದು. ಬೆಕ್ಕು ಸತ್ತೈತಿ ಅಂತ ಕೇಳಿಸ್ತು ನನಗ. ಈ ಕಿವಿಗೆ ಬೆಂಕಿ ಹಾಕ.”

“ಯಾತಕ್ಕ ಅಂದ್ರೂ ಖರೇನ ಅಂದಿ ಬಿಡು,” ಎಂದಳು ಈರಮ್ಮ. ಅವಳ ಕಣ್ಣು ಚೀಲದ ಮೇಲೆ ಬಿತ್ತು. “ಈಗ ಇದನ್ನೂ ಒಯ್ತೀಯೇನವ್ವ?”

ಹೊನ್ನೂರಮ್ಮ ಚೀಲವನ್ನು ನೆಲಕ್ಕೆ ಹಾಸಿ ಅವಳ ಪಕ್ಕದಲ್ಲೇ ಕುಳಿತುಬಿಟ್ಟಳು. ಸಿರುಗುಪ್ಪದ ಬಸ್ಸು ಹಾರನ್ ಹೊಡೆದು, ಕಾದು, ಹೊರಟುಹೋಯಿತು.