ಮೂರು ವರ್ಷದ ಹಿಂದಿನ ಅಳು

ಹಾಲಿನ ಡೈರಿಯ ಸಾಲಿನಲ್ಲಿ ಕ್ಯಾನು ಹಿಡಿದು ನಿಂತಿದ್ದ ರಾಧಾಮಣಿಗೆ ತನ್ನದೇ ದನಿ ಕೇಳಿಸಿತು, ಮುಂದೆ ನಿಂತಿದ್ದ ಮುನಿಯಮ್ಮನ ಫೋನಿನಿಂದ.

"ನೋಡವ್ವ, ಯಾವೂರ ಹೆಣ್ಮಗ್ಳೋ, ಹೆಂಗ್ ಅಳ್ತಾವ್ಳೆ," ಎಂದು ಮುನಿಯಮ್ಮ ಫೋನನ್ನು ಅವಳತ್ತ ತಿರುಗಿಸಿದಳು. "ರೇಷ್ಮೆ ಹುಳ ಎಲ್ಲಾ ಸತ್ತೋದ್ವಂತೆ. ನೆನ್ನೆ ಆಗಿರೋದು."

ಸತ್ತ ಹುಳುಗಳ ತಟ್ಟೆ, ಅದರ ಸುತ್ತ ಕೆಂಪು ವೃತ್ತ, ಹಿಂದೆ ಶೋಕದ ಸಂಗೀತ. ಕೆಳಗೆ ದಪ್ಪಕ್ಷರದಲ್ಲಿ: 'ರೈತರೇ ಎಚ್ಚರ! ಸಾಬಿರಾ ಚಾಕಿ ಕೇಂದ್ರದ ಹುಳ ತರಬೇಡಿ.' ಅಳುವವಳ ಮುಖ ಕಾಣುತ್ತಿರಲಿಲ್ಲ.

ಅದು ನೆನ್ನೆಯದಲ್ಲ, ಮೂರು ವರ್ಷದ ಹಿಂದಿನದು. ಮರಿಹುಳು ಸಾಕಿ ರೈತರಿಗೆ ಮಾರುವ ಸಾಬಿರಾಳ ಚಾಕಿ ಕೇಂದ್ರದಿಂದ ತಂದ ಹುಳುಗಳು ಒಂದೇ ಹಗಲಿನಲ್ಲಿ ಸತ್ತಾಗ ರಾಧಾಮಣಿ ಅಳುತ್ತಲೇ ವಿಡಿಯೊ ತೆಗೆದು, ತನ್ನ ಹೆಸರು ಹೇಳದೆ ಸಾಬಿರಾಳನ್ನು ದೂರಿ, ರೇಷ್ಮೆ ರೈತರ ದೊಡ್ಡ ಗ್ರೂಪೊಂದಕ್ಕೆ ಹಾಕಿದ್ದಳು. ವಾರದ ಮೇಲೆ ನಿಜ ತಿಳಿಯಿತು. ಟೊಮೆಟೊಗೆ ಕೀಟನಾಶಕ ಹೊಡೆದ ಪಂಪನ್ನು ಸರಿಯಾಗಿ ತೊಳೆಯದೆ ಗಂಡ ನಾಗರಾಜು ಅದರಲ್ಲೇ ಹುಳದ ಮನೆಗೆ ಬ್ಲೀಚಿಂಗ್ ನೀರು ಸಿಂಪಡಿಸಿದ್ದ; ಪಂಪಿನಲ್ಲಿ ಉಳಿದಿದ್ದ ವಿಷವೇ ಹುಳುಗಳನ್ನು ಕೊಂದಿತ್ತು. ಅವಳು ವಿಡಿಯೊ ಅಳಿಸಿದಳು. ಕಾರಣವನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಅಳಿಸಿದ್ದು ಎದ್ದು ಬಂದದ್ದಾದರೂ ಹೇಗೆ? ಅಂಜಿಕೆಗಿಂತ ಮೊದಲು ಅವಳಲ್ಲಿ ಹುಟ್ಟಿದ್ದು ಕುತೂಹಲ. ಮುನಿಯಮ್ಮನಿಗೆ ಅದನ್ನು ಕಳಿಸಿದವನು ಅವಳ ಅಣ್ಣನ ಮಗ, ಕುದೂರಿನ ಸ್ವಾಮಿ. ನಂಬರು ಪಡೆದು ಅವನಿಗೇ ಫೋನ್ ಮಾಡಿದಳು.

"ನೀನು ಹುಳ ಸಾಕ್ತೀಯೇನಪ್ಪ?"

"ಇಲ್ಲ ಕಣಕ್ಕ, ನಂದು ಹಾರೋಹಳ್ಳಿಲಿ ಫ್ಯಾಕ್ಟರಿ ಕೆಲ್ಸ. ರೂಮಿನ ಹುಡುಗ್ರ ಗ್ರೂಪಲ್ಲಿ ಬಂತು."

"ಈ ಸಾಬಿರಾ ಯಾರು ಅಂತ ಗೊತ್ತಾ?"

"ನಂಗೇನ್ ಗೊತ್ತು? ನಾಕು ಜನ ರೈತ್ರು ಉಳ್ಕೊಳ್ಳಿ ಅಂತ ಕಳಿಸ್ದೆ. ತಪ್ಪಾ?"

ರಾಧಾಮಣಿ ಫೋನ್ ಇಟ್ಟು ಮನೆಗೆ ನಡೆದಳು.

ಮನೆಯಲ್ಲಿ ಮಗಳು ಸಿರಿ ಆ ವಿಡಿಯೊ ಹಿಂದೆ ಹರಿದಾಡಿದ್ದನ್ನೆಲ್ಲ ಹುಡುಕಿ ಕೊಟ್ಟಳು. ಮಳೆಗಾಲದಲ್ಲಿ ಎಲ್ಲೋ ಹುಳಕ್ಕೆ ರೋಗ ಬಿದ್ದಾಗಲೆಲ್ಲ ವಿಡಿಯೊ ಏಳುತ್ತಿತ್ತು. ಮೊದಲ ವರ್ಷ ಸಂಗೀತ ಸೇರಿತು, ಮರುವರ್ಷ ಕೆಂಪು ವೃತ್ತ. ಈ ಸಲ 'ನೆನ್ನೆ' ಎಂಬ ಮಾತು.

"ನೀನ್ ಅಳಿಸಿದ್ದು ನಿನ್ ಫೋನಿಂದ ಅಷ್ಟೆ ಅಮ್ಮ."

ನಾಗರಾಜು ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತ ಅಂದ: "ಈಗ ಬಾಯ್ ಬುಟ್ರೆ ನಮ್ ಮಾನ ಹೋಯ್ತದೆ ಕಣೆ. ಎರಡ್ ದಿನ ಸುಮ್ಕಿರು. ಇನ್ನೊಂದ್ ವಿಡಿಯೊ ಬತ್ತದೆ, ಜನ ಇದ್ನ ಮರೀತಾರೆ."

ಅವಳು ಸಾಬಿರಾಳ ಕೇಂದ್ರಕ್ಕೆ ಹೋದಳು. ಎರಡನೇ ಸಲ ಪೊರೆ ಬಿಡಲು, ಸಾಕುವವರ ಮಾತಿನಲ್ಲಿ 'ಜ್ವರ'ಕ್ಕೆ, ಕೂತ ಹುಳುಗಳು ತಟ್ಟೆಗಳಲ್ಲಿ ಅಲುಗದೆ ತಲೆಯೆತ್ತಿದ್ದವು. ಹುಳ ಬೇಕೆಂದು ಮೊದಲೇ ಹೇಳಿದ್ದ ಹನ್ನೊಂದು ಜನ ರೈತರಲ್ಲಿ ಏಳು ಮಂದಿ ವಿಡಿಯೊ ನೋಡಿ ಬೇಡವೆಂದಿದ್ದರು.

"ನಾಳೆ ಎಲ್ಲಾ ಒಟ್ಗೆ ಎದ್ದು ಸೊಪ್ಪು ಕೇಳ್ತವೆ," ಎಂದಳು ಸಾಬಿರಾ. "ಅಷ್ಟು ಸೊಪ್ಪು ನನ್ನತ್ರ ಎಲ್ಲೈತೆ? ಗುಂಡಿ ತೋಡಿ ಹುಳಾನೆಲ್ಲ ಸುರೀಬೇಕು. ವಿಡಿಯೊದಾಗಿರೋ ಆಯಮ್ಮಂಗೂ ಪಾಪ ಬೆಳೆ ಹೋಗಿರ್ತದೆ, ಬುಡಿ."

"ಆಯಮ್ಮ ನಾನೇ ಸಾಬಿರಾ." ಪಂಪಿನ ವಿಷಯವನ್ನೂ ರಾಧಾಮಣಿ ಮುಚ್ಚಿಡದೆ ಹೇಳಿದಳು.

ಸಾಬಿರಾ ಒಂದು ತಟ್ಟೆ ಸರಿಸಿದಳು, ಇನ್ನೊಂದನ್ನು ಸರಿಸಿದಳು.

"ಮೂರ್ ವರ್ಸ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು."

ಸಾಬಿರಾ ಬೆನ್ನು ತಿರುಗಿಸಿ ತಟ್ಟೆಗಳನ್ನು ಜೋಡಿಸತೊಡಗಿದಳು. ರಾಧಾಮಣಿ ಅಲ್ಲೇ ನಿಂತು ಮುಖ ಕಾಣುವಂತೆ ಹೊಸ ವಿಡಿಯೊ ತೆಗೆದಳು. ತನ್ನ ಹೆಸರು, ಊರು, ನಡೆದದ್ದನ್ನು ಹೇಳಿ ಮೊದಲು ಮುನಿಯಮ್ಮನಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಮುನಿಯಮ್ಮನ ಫೋನು ಬಂತು.

"ಅದು ನೀನೇನೆ? ಕಳಿಸ್ತೀನಿ, ಆದ್ರೆ ಇದ್ರಲ್ಲಿ ನೀನು ಅಳ್ತಾನೇ ಇಲ್ವಲ್ಲೆ. ಯಾರ್ ನೋಡ್ತಾರೆ?"

ಸಂಜೆಯವರೆಗೆ ಒಂಬತ್ತು ಜನ ನೋಡಿದ್ದರು. ವಿಡಿಯೊ ಎಲ್ಲರಿಗೂ ತಲುಪುವವರೆಗೆ ಹುಳ ಕಾಯುವುದಿಲ್ಲ. ರಾಧಾಮಣಿ ಬೇಡವೆಂದ ಏಳು ಮನೆಗಳ ವಿಳಾಸ ಕೇಳಿದಳು. ಸಾಬಿರಾ ಅವಳ ಮುಖ ನೋಡದೆ ಬರೆದುಕೊಟ್ಟಳು. ಆದರೆ ಗೂಡ್ಸ್ ಆಟೊಗೆ ತಟ್ಟೆಗಳನ್ನು ಇಬ್ಬರೂ ಸೇರಿಯೇ ಏರಿಸಿದರು.

ಮೊದಲನೆಯದು ಸಿದ್ದಯ್ಯನವರ ಮನೆ. "ಬ್ಯಾಡ ಅಂದಿದ್ನಲ್ಲಮ್ಮ. ಆ ಹೆಣ್ಮಗಳು ಅಳೋದು ಕೇಳಿಲ್ವಾ ನೀನು?"

"ಅವಳು ನಾನೇ ಯಜಮಾನ್ರೆ. ತಪ್ಪು ನಮ್ಮನೇದು, ಈ ಹುಳದ್ದಲ್ಲ."

ಸಿದ್ದಯ್ಯ ಕನ್ನಡಕ ಏರಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಒಳಗಿನಿಂದ ಹೆಂಡತಿ ಯಾರೆಂದು ಕೂಗಿ ಕೇಳಿದಳು.

"ಆ ವಿಡಿಯೊದೋಳು ಕಣೆ," ಎಂದು, ಜಗುಲಿಯ ಮೇಲಿನ ಚೀಲ ಸರಿಸಿ ಜಾಗ ಮಾಡಿದರು. "ಕೂತ್ಕೊ. ಮೊದ್ಲಿಂದ ಹೇಳು."

ರಾಧಾಮಣಿ ಕೂತು ಮೊದಲಿಂದ ಹೇಳತೊಡಗಿದಳು. ಇನ್ನೂ ಆರು ಮನೆ ಇದ್ದವು.