ಹನ್ನೊಂದು ಕಡ್ಡಿಯ ಆಂಟೆನಾ

“ಈಗ?”

“ಇಲ್ಲ.”

“ಈಗ?”

“ಇಲ್ಲ ಅಂದ್ನಲ್ಲ!”

ಕೆಳಗಿನ ಕಿಟಕಿಯಿಂದ ಬಂದ ಹೆಂಡತಿಯ ದನಿಯಲ್ಲಿ ನಿರಾಶೆಗಿಂತ ತೃಪ್ತಿಯೇ ಹೆಚ್ಚಾಗಿದೆಯೆಂದು ಅಧ್ಯಾಪಕನಿಗೆ ಅನ್ನಿಸಿತು. ತಾರಸಿಯ ಮೇಲೆ ನಿಲ್ಲಿಸಿದ್ದ ಟಿ.ವಿ. ಆಂಟೆನಾದ ಕಬ್ಬಿಣದ ಪೈಪನ್ನು ಎರಡೂ ಕೈಗಳಿಂದ ಹಿಡಿದು ಕೂದಲೆಳೆಯಷ್ಟು ತಿರುಗಿಸಿದ. ತುದಿಯಲ್ಲಿ ಹನ್ನೊಂದು ಅಲ್ಯೂಮಿನಿಯಂ ಕಡ್ಡಿಗಳು ಮೀನಿನ ಮುಳ್ಳುಗಳಂತೆ ನಡುಗಿದವು.

ಹನ್ನೊಂದೇ ಬೇಕೆಂದವನು ಅವನೇ. ಐದು ಕಡ್ಡಿಯದು ಸಾಕು, ಬೀದಿಗೆಲ್ಲ ಅದೇ ಇರುವುದು ಎಂದಿದ್ದ ಅಂಗಡಿಯವನು. “ಹನ್ನೊಂದರದ್ದು ದಿಕ್ಕು ಚೂರು ತಪ್ಪಿದ್ರೂ ಕುರುಡು, ಸಾರ್.” ಇಪ್ಪತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿದವನಿಗೆ ಅಂಗಡಿಯವನಿಂದ ಪಾಠ!

ಹೆಂಡತಿಯ ತಮ್ಮನಿಗೆ ರೇಡಿಯೋ ರಿಪೇರಿಯ ಕಸುಬು. ನಾನು ಹಾಕಿಕೊಡುತ್ತೇನೆ ಎಂದು ಬೆಳಿಗ್ಗೆಯೇ ಬಂದು ಕೂತಿದ್ದ. ಅಧ್ಯಾಪಕನ ತರಗತಿಯಲ್ಲೇ ಎರಡು ಸಲ ಫೇಲಾದವನು ಅವನು. “ಆರು ಗಂಟೆಯೊಳಗೆ ಚಿತ್ರ ಬರದಿದ್ರೆ ಇನ್ನು ಈ ಮನೆಯ ಯಾವ ವಿಷಯಕ್ಕೂ ನಾನು ಬಾಯಿ ಹಾಕೋದಿಲ್ಲ” ಎಂದು ಅಧ್ಯಾಪಕ ಊಟದ ಹೊತ್ತಿನಲ್ಲಿ ಸಾರಿಬಿಟ್ಟಿದ್ದ. ಹೆಂಡತಿ ಗಡಿಯಾರವನ್ನು ನೋಡಿದ್ದಳು.

ಐದೂಕಾಲಿಗೆ ಭಾವಮೈದುನ ಏಣಿ ಹತ್ತಿ ಬಂದ.

“ಏನ್ ಭಾವ, ಇಡೀ ಬೀದಿಯ ಆಂಟೆನಾ ಗುಡ್ಡದ ಕಡೆ ನೋಡ್ತಿದೆ. ನೀವೊಬ್ರೇ ನೀರಿನ ಟ್ಯಾಂಕಿನ ಕಡೆ?”

“ಬೀದಿ ನೋಡಿದ್ದೇ ದಿಕ್ಕಾ? ಟಿ.ವಿ. ಸ್ಟೇಷನ್ ಇರೋ ದಿಕ್ಕನ್ನ ದಿಕ್ಸೂಚಿ ಇಟ್ಟು ಅಳೆದಿದ್ದೀನಿ.”

“ಎಲ್ಲಿ ಇಟ್ಟು?”

“ಇಲ್ಲೇ. ಪೈಪಿನ ಬುಡದಲ್ಲಿ.”

ಭಾವಮೈದುನ ದಿಕ್ಸೂಚಿಯನ್ನು ನೋಡಿದ. ಕಬ್ಬಿಣದ ಪೈಪನ್ನು ನೋಡಿದ. ಭಾವನ ಮುಖವನ್ನು ನೋಡಿದ.

“ಆಯ್ತು ಬಿಡಿ. ಓದಿದೋರು ನೀವು” ಎಂದು ಸಿಳ್ಳೆ ಹಾಕುತ್ತ ಇಳಿದುಹೋದ.

ಅಧ್ಯಾಪಕ ದಿಕ್ಸೂಚಿಯನ್ನೆತ್ತಿಕೊಂಡು ಪೈಪಿನಿಂದ ಹತ್ತು ಹೆಜ್ಜೆ ದೂರ ನಡೆದ. ಮುಳ್ಳು ಓಲಾಡಿತು, ಸೋಮಾರಿಯಂತೆ ತಿರುಗಿ ಬೇರೆಲ್ಲೋ ನಿಂತಿತು. ಬೀದಿಯ ಆಂಟೆನಾಗಳೆಲ್ಲ ಸರಿಯಾಗಿದ್ದವು. ಕಾಂತದ ಮುಳ್ಳಿನ ಬಳಿ ಕಬ್ಬಿಣ ಇಡಬಾರದೆಂದು ಪ್ರತಿವರ್ಷ ಮೊದಲ ದಿನವೇ ಅವನು ಹುಡುಗರಿಗೆ ಹೇಳುತ್ತಿದ್ದ. ಫೇಲಾದವನಿಗೆ ಅದು ನೆನಪಿತ್ತು.

ಈಗ ಪೈಪನ್ನು ಗುಡ್ಡದ ಕಡೆ ತಿರುಗಿಸಿದರೆ ಚಿತ್ರ ಬರುತ್ತದೆ. ಬಂದದ್ದು ಯಾರ ಮಾತಿನಿಂದ ಎಂಬುದೂ ಕೆಳಗೆ ಗೊತ್ತಾಗುತ್ತದೆ. ಆ ನಗೆಯನ್ನು ಅವನು ಬಲ್ಲ. ಅಕ್ಕತಮ್ಮಂದಿರಿಬ್ಬರಿಗೂ ಒಂದೇ ನಗೆ. ಪೈಪನ್ನು ಹಿಡಿದು ಸುಮ್ಮನೆ ನಿಂತ. ಅಂಗೈಗೆ ತುಕ್ಕು ಅಂಟಿತು. ಆರಕ್ಕೆ ಹತ್ತು ನಿಮಿಷವಿತ್ತು.

“ಬಂತು! ಬಂತು!” ಕೆಳಗಿನಿಂದ ಹೆಂಡತಿಯ ಕೂಗು.

ಅವನು ತಲೆಯೆತ್ತಿ ನೋಡಿದ. ಕಡ್ಡಿಗಳಿನ್ನೂ ಟ್ಯಾಂಕಿನ ಕಡೆಗೇ ಇದ್ದವು. ಹಾಗಾದರೆ ತಾನೇ ಸರಿ, ಬೀದಿಯೇ ತಪ್ಪು! ಕೈ ಸಡಿಲಿಸಲು ಧೈರ್ಯ ಸಾಲದೆ ಪೈಪನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

“ಸ್ಪಷ್ಟವಾಗಿದೆಯೇನೇ?”

ಕೆಳಗೆ ನಗು ಕೇಳಿಸಿತು. ಪೈಪನ್ನು ಒಂದಿಷ್ಟು ಸರಿಸಿದ. ನಗು ನಿಲ್ಲಲಿಲ್ಲ. ಇನ್ನಷ್ಟು ಸರಿಸಿದ. ಕೊನೆಗೆ ಹಲ್ಲು ಕಚ್ಚಿ ಅದನ್ನು ಗಾಣದಂತೆ ಒಂದು ಸುತ್ತು ಪೂರ್ತಿ ತಿರುಗಿಸಿದ. ಹೋಯ್ತು ಎಂದು ಯಾರೂ ಕೂಗಲಿಲ್ಲ.

ಆಂಟೆನಾದಿಂದ ಕೆಳಗಿನ ಟಿ.ವಿ.ಗೆಂದು ಗೋಡೆಗುಂಟ ಇಳಿಬಿಟ್ಟಿದ್ದ ಚಪ್ಪಟೆ ವೈರನ್ನು ಮೆಲ್ಲಗೆ ಎಳೆದ. ಅದು ತಡೆಯಿಲ್ಲದೆ, ಬಾವಿಯಿಂದ ಬರಿಯ ಹಗ್ಗ ಬಂದಂತೆ, ಮೇಲೆ ಬಂತು. ತುದಿಯಲ್ಲಿ ಎರಡು ತಾಮ್ರದ ಎಳೆಗಳು ಬತ್ತಲೆಯಾಗಿ ನಿಂತಿದ್ದವು.

ಕಿಟಕಿಯಿಂದ ಭಾವಮೈದುನನ ಮಾತು ಕೇಳಿಸಿತು: “ಎರಡೇ ಕಡ್ಡೀ ಆಂಟೆನಾ ಅಕ್ಕ, ಟಿ.ವಿ. ಮೇಲೇ ಇಡೋದು. ಬೆಳಿಗ್ಗೆಯೇ ಚೀಲದಲ್ಲಿ ತಂದಿದ್ದೆ.”

“ಅವ್ರಿಗೆ ಹೇಳ್ಬೇಡ್ವೇನೋ?”

“ಹೇಳೋಣ ಇರು. ವಾರ್ತೆ ಮುಗೀಲಿ.”

ಅಧ್ಯಾಪಕ ತಲೆಯೆತ್ತಿದ. ಬೀದಿಯುದ್ದಕ್ಕೂ ಮನೆಮನೆಯ ಆಂಟೆನಾಗಳು ಅವನಿಗೆ ಬೆನ್ನು ಹಾಕಿ ಗುಡ್ಡವನ್ನು ನೋಡುತ್ತಿದ್ದವು. ವೈರಿನ ತುದಿಯನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡ. ಇನ್ನೊಂದು ಕೈಯಿಂದ ಪೈಪನ್ನು ಕೂದಲೆಳೆಯಷ್ಟು ತಿರುಗಿಸಿದ.

“ಈಗ?” ಎಂದು ಕೂಗಿದ.