ಮೂರು ಗೆರೆಯ ಬಾಳೆ

ದೊಡ್ಡವ್ವ ಲಲಿತಾಬಾಯಿ ತನ್ನ ತೋಟದ ತಾಯಿಬಾಳೆಗೆ ಪ್ರತಿ ಸೋಮವಾರ ಉಗುರಿನಿಂದ ಮೂರು ಅಡ್ಡಗೆರೆ ಎಳೆಯುತ್ತಾಳೆ ಎಂಬುದು ಅಂಬಿಕಾಗೆ ಚಿಕ್ಕಂದಿನಿಂದ ಗೊತ್ತು. ಗೆರೆ ಎಳೆದು ಮೇಲೆ ವಿಭೂತಿ ಒರೆಸುತ್ತಾಳೆ. ಕಮಲಾಪುರದ ಅರ್ಧ ಊರಿಗೆ ಕೆಂಪುಬಾಳೆಯ ಕಂದು, ಅಂದರೆ ಬುಡದ ಮರಿಗಿಡ, ಹೋದದ್ದು ಆ ಒಂದು ಬುಡದಿಂದ. ಅತ್ತೆ ತೋರಿಸಿಕೊಟ್ಟದ್ದನ್ನು ಸೊಸೆ ಮಾಡುತ್ತ ಬಂದಿದ್ದಾಳೆ, ಅಷ್ಟೇ. ಹಿರಿಯರು ಮಾಡುವ ಇಂಥ ನೂರು ಕೆಲಸಗಳನ್ನು ನಾವು ನೋಡಿಯೂ ನೋಡದೆ ದೊಡ್ಡವರಾಗುತ್ತೇವೆ. ಅಂಬಿಕಾ ಓದಿ ವಕೀಲೆಯಾದಳು, ದೊಡ್ಡವ್ವನ ಗೆರೆಗಳನ್ನು ಮರೆತೂಬಿಟ್ಟಳು.

ಅವು ಮತ್ತೆ ಕಣ್ಣಿಗೆ ಬಿದ್ದದ್ದು ಕಲಬುರಗಿಯ ಗಾಜಿಪುರದಲ್ಲಿ, ಶ್ರೀನಿವಾಸರಾಯರ ಕಚೇರಿಯಲ್ಲಿ. ಅಂಬಿಕಾ ಅಲ್ಲಿ ಎಂಟು ವರ್ಷದಿಂದ ಜೂನಿಯರ್. ಒಬ್ಬರ ತೊಗರಿಬೇಳೆ ಚೀಲದ ಗುರುತನ್ನು ಇನ್ನೊಬ್ಬರು ಕದ್ದರೆ ದಾವೆ ಹೂಡುವುದು ಅವರ ಮುಖ್ಯ ಕಸುಬು. ಹೋದ ವರ್ಷ ಮಾಘದಲ್ಲಿ ಲಲಿತಾಬಾಯಿಯ ಗಂಡ, ದೊಡ್ಡಪ್ಪ ದೌಲಪ್ಪ, ಒಂದು ಕಾಗದ ಹಿಡಿದು ಬಂದ. ಕಮಲಾಪುರದ ಬೆಳೆಗಾರರು ಸೇರಿ ಮೊದಲ ಸಲ ಯುರೋಪಿಗೆ ಕಳಿಸಿದ್ದ ಹಣ್ಣನ್ನು ಅಲ್ಲಿಯ ಬಂದರಿನಲ್ಲಿ ತಡೆದಿದ್ದರು. ಕಾರಣ, ಆ ತಳಿಯ ಹಕ್ಕು ಅಲ್ಲಿಯ ಒಂದು ಕಂಪನಿಗೆ ಸೇರಿದೆಯಂತೆ. ಕಮಲಾಪುರದವರು ಬೆಳೆದು ಅಲ್ಲಿ ಮಾರಿದರೆ ಕಳ್ಳಮಾಲು.

"ನಮ್ಮ ಬಾಳಿಗಿ ಸರ್ಕಾರದ ಜಿಐ ಟ್ಯಾಗ್ ಅದ ಅಲ್ಲೇನ್ರೀ ರಾಯರ?" ಎಂದ ದೌಲಪ್ಪ.

"ಅದು ಕಮಲಾಪುರ ಬಾಳಿ ಅನ್ನೋ ಹೆಸರಿಗೆ ಅದ, ದೌಲಪ್ಪನವರ," ಎಂದರು ರಾಯರು. "ಗಿಡಕ್ಕಿಲ್ಲ. ಅವ್ರು ಹೆಸರು ಮುಟ್ಟೇ ಇಲ್ಲ. ಗಿಡ ಒಯ್ದು ಬ್ಯಾರೆ ಹೆಸರಿಟ್ಟಾರ."

ದೌಲಪ್ಪ ತಲೆ ತಗ್ಗಿಸಿದ. ನಾಲ್ಕು ವರ್ಷದ ಹಿಂದೆ ಇಬ್ಬರು ಬಂದಿದ್ದರು, ಚಹಾ ಕುಡಿದರು, ಚಲೋ ಮಾತಾಡಿದರು. ಹೆಂಡತಿ ಊರಲ್ಲಿರಲಿಲ್ಲ. ಒಂದು ಕಂದು ಕೇಳಿದರೆಂದು ಅವನೇ ಅಗೆದು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಕೊಟ್ಟಿದ್ದ. ಬಂದವರಿಗೆ ಇಲ್ಲ ಅನ್ನುವುದು ಅವನ ಜನ್ಮದಲ್ಲಿಲ್ಲ. ಈಗ ಆ ಒಳ್ಳೆಯತನಕ್ಕೆ ಬಂದರಿನಲ್ಲಿ ಬೀಗ ಬಿದ್ದಿತ್ತು.

ಅಂಬಿಕಾ ಕಂಪನಿಯ ಅರ್ಜಿ ತರಿಸಿ ಓದಿದಳು. ತಮ್ಮ ಗಿಡ ಹೊಸ ತಳಿ ಎಂದು ತೋರಿಸಲು ಅವರು ಒಂದೇ ಒಂದು ವಿಶೇಷ ಲಕ್ಷಣ ಬರೆದಿದ್ದರು: ಕಾಂಡದ ಮೇಲೆ ಎದೆಮಟ್ಟದಲ್ಲಿ ಮೂರು ಬಿಳಿ ಅಡ್ಡಗೆರೆ, ಎಲ್ಲ ಗಿಡಗಳಲ್ಲೂ ಒಂದೇ ರೀತಿ. ಜೊತೆಗೊಂದು ಫೋಟೊ. ಗಾಜಿನ ಮನೆಯೊಳಗೆ ಸಾಲುಸಾಲು ಬಾಳೆ, ಒಂದೊಂದರ ಮೈಮೇಲೂ ಮೂರು ಗೆರೆ. ಮೂರನೆಯದು ಬಲಕ್ಕೆ ಸ್ವಲ್ಪ ಜಾರಿತ್ತು. ದೊಡ್ಡವ್ವನ ಬಲಗೈ ಹೆಬ್ಬೆರಳು ಹಳೆಯ ಪೆಟ್ಟಿನಿಂದ ಸೊಟ್ಟಗಿದೆ. ಅವಳು ಎಲ್ಲಿ ಮೂರು ಗೆರೆ ಎಳೆದರೂ ಕೊನೆಯದು ಹಾಗೆಯೇ ಜಾರುತ್ತದೆ.

ಉಗುರಿನ ಗೀರು ಮಗಳಿಗೆ ಬರುತ್ತದೆಯೇ? ತಾಯಿಯ ಕೈಮೇಲಿನ ಸುಟ್ಟ ಕಲೆ ಹೊತ್ತು ಮಕ್ಕಳು ಹುಟ್ಟುತ್ತಾರೆಯೇ? ಅಂಬಿಕಾ ಆ ಫೋಟೊವನ್ನು ರಾಯರಿಗೆ ತೋರಿಸಲಿಲ್ಲ. ಬಸ್ಸು ಹಿಡಿದು ಕಮಲಾಪುರಕ್ಕೆ ಹೋದಳು.

ಅಂದು ಸೋಮವಾರ. ಲಲಿತಾಬಾಯಿ ತೋಟದಲ್ಲೇ ಇದ್ದಳು. ಫೋನಿನಲ್ಲಿ ಫೋಟೊ ನೋಡಿ ಅವಳಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. ಅಂಬಿಕಾಗೆ ಮೊದಲು ಹೆದರಿಕೆಯಾದದ್ದು ಅದಕ್ಕೇ.

"ನಿನಗ ಗೊತ್ತಿತ್ತೇನು, ದೊಡ್ಡವ್ವ?"

"ಹೋದದ್ದು ಗೊತ್ತಿತ್ತು. ಎಲ್ಲಿಗಿ ಅಂತ ಗೊತ್ತಿರ್ಲಿಲ್ಲ," ಎಂದಳು ಲಲಿತಾಬಾಯಿ. "ಕಂದು ಒಯ್ಯೋರು ತಾಯಿನ್ನ ಕೇಳಿ ಒಯ್ಬೇಕವ್ವಾ. ಒಂದು ತಂಬಿಗಿ ನೀರು ಹಾಕಿ, ಇಂಥಾ ಊರಿಗಿ ಒಯ್ಲಾಕತ್ತೀನಿ ಅಂತ ಹೇಳ್ಬೇಕು. ಆಮ್ಯಾಲ ಅದು ಬ್ಯಾರೆ ಗಿಡ. ಕೇಳದೆ ಒಯ್ದದ್ದು ಎಷ್ಟು ದೂರ ಹೋದ್ರೂ ಇಲ್ಲೇ ಇರ್ತದ. ನಿಮ್ಮ ದೊಡ್ಡಪ್ಪ ಕೇಳ್ಲಿಲ್ಲ, ಒಯ್ದವ್ರೂ ಕೇಳ್ಲಿಲ್ಲ."

"ಇಲ್ಲೇ ಇರ್ತದ ಅಂದ್ರ?"

ಲಲಿತಾಬಾಯಿ ಬಿಸಿಲು ನೋಡಿ ಹೊತ್ತು ಲೆಕ್ಕ ಹಾಕಿದಳು. "ನಿಂದ್ರು. ಅವ್ರು ಕೆಲಸಕ್ಕ ಬರೋ ಹೊತ್ತಾತು."

ತಾಯಿಬುಡದಲ್ಲಿ ಏಳು ಗಿಡಗಳಿದ್ದವು. ಗಾಳಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಎದುರಿನ ಗಿಡದ ಒಂದು ಎಲೆಯ ಅಂಚಿನಲ್ಲಿ, ಯಾರೂ ಮುಟ್ಟದೆ, ಬ್ಲೇಡಿನಿಂದ ಕೊಯ್ದಂಥ ಸಣ್ಣ ಚೌಕ ಬಿಟ್ಟುಕೊಂಡಿತು. ಆ ಚೂರು ನೆಲಕ್ಕೆ ಬೀಳಲಿಲ್ಲ. ಎಲ್ಲಿಯೂ ಇರಲಿಲ್ಲ. ಕೊಯ್ದ ಜಾಗದಿಂದ ಸೊನೆ ಇಳಿಯತೊಡಗಿತು.

"ದಿನಾ ಹಿಂಗ. ಅಲ್ಲಿ ಕೊಯ್ದ್ರ ಇಲ್ಲಿ ಗಾಯ," ಎಂದಳು ಲಲಿತಾಬಾಯಿ, ಸೆರಗಿನಿಂದ ಸೊನೆ ಒರೆಸುತ್ತ. "ಶನಿವಾರ, ಐತ್ವಾರ ಸುಮ್ಮ ಇರ್ತಾರ. ಆ ಎರಡು ದಿನ ಇದಕ್ಕ ಆರಾಮ."

ಹೆದರಿಕೊಂಡು ಅಲ್ಲಿಂದ ಓಡಿಹೋಗಿದ್ದರೆ ಚೆನ್ನಾಗಿತ್ತು. ಆದರೆ ಅಂಬಿಕಾ ವಕೀಲೆ, ಅದರಲ್ಲೂ ಜೂನಿಯರ್ ವಕೀಲೆ. ಬಸ್ಸಿನಲ್ಲಿ ಕುಳಿತು ಬರುವಷ್ಟರಲ್ಲಿ ಅವಳ ಹೆದರಿಕೆ ಸಾಕ್ಷಿಯಾಗಿ ಮಾರ್ಪಟ್ಟಿತ್ತು. ಆ ದೇಶದ ತಳಿ ಪ್ರಾಧಿಕಾರದವರು ವೈಶಾಖದಲ್ಲಿ ಗಾಜಿನ ಮನೆಗೆ ತಪಾಸಣೆಗೆ ಹೋಗುವವರಿದ್ದರು. ಅದಕ್ಕೆ ಮೂರು ದಿನ ಮೊದಲು ಅವಳು ನೋಟರಿ ಶಬ್ಬೀರ್ ಸಾಹೇಬರನ್ನು ತೋಟಕ್ಕೆ ಕರೆದುಕೊಂಡು ಹೋದಳು. ಲಲಿತಾಬಾಯಿಗೆ ಬರೆಯಲು ಬರುವುದು ತನ್ನ ಹೆಸರಿನ ಮೊದಲ ಅಕ್ಷರ ಒಂದೇ. ಮೂರು ಗೆರೆಯ ಕೆಳಗೆ ಅವಳು ಉಗುರಿನಿಂದ 'ಲ' ಎಂದು ಗೀಚಿದಳು. ಶಬ್ಬೀರ್ ಸಾಹೇಬರು ಆ ದಿನದ ಪತ್ರಿಕೆ ಪಕ್ಕಕ್ಕೆ ಹಿಡಿಸಿ ಫೋಟೊ ತೆಗೆದು, ಮುದ್ರೆ ಒತ್ತಿ, ತಾರೀಖು ಬರೆದರು.

"ಯೇ ಕ್ಯಾ ಕೇಸ್ ಹೈ, ಅಮ್ಮಾ?" ಎಂದರು ನಗುತ್ತ. "ಬಾಳಿಗಿಡದ ಮ್ಯಾಲೆ ದಸ್ಕತ್ ಮಾಡ್ಸೋದು ನಾ ಇದೇ ಮೊದಲ ಸಲ ನೋಡ್ಲಾಕತ್ತೀನಿ."

ತಪಾಸಣೆಯ ವರದಿ ಇಪ್ಪತ್ತು ದಿನಕ್ಕೆ ಬಂತು. ಗಾಜಿನ ಮನೆಯಲ್ಲಿ ಆ ಒಂದು ಕಂದಿನಿಂದ ಬೆಳೆಸಿದ ನಾಲ್ಕು ಸಾವಿರ ಗಿಡಗಳ ಮೇಲೂ ಮೂರು ಗೆರೆಯ ಕೆಳಗೆ 'ಲ' ಇತ್ತು. ಕಂಪನಿಯವರು ಅದನ್ನು ಬೂಷ್ಟಿನ ರೋಗ ಎಂದು ಬರೆದಿದ್ದರು. ಕನ್ನಡ ಬರೆಯಲು ಬರುವ ರೋಗ! ಫೋಟೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹ್ಯಾಂಗ ಎಂದು ಅವರು ಕೇಳಲಿಲ್ಲ. ಕಾನೂನು ಕೇಳುವುದು ಎರಡೂ ಒಂದೇ ಹೌದೋ ಅಲ್ಲವೋ ಎಂದು. ಹೌದಾದರೆ ಸಾಕು.

"ಅರ್ಜಿ ತಯಾರ್ ಮಾಡವ್ವಾ," ಎಂದರು. "ಕೊನೀ ಪ್ಯಾರಾ ಹಳೇ ಫೈಲಿನಾಗಿಂದು ಹಾಕು."

ಹಳೆಯ ಫೈಲಿನ ಕೊನೆಯ ಪ್ಯಾರಾ ಎಂದರೆ ನಕಲಿ ಬೇಳೆ ಚೀಲದ ಮೊಕದ್ದಮೆಯದು. ಎದುರುಪಕ್ಷದ ನೋಂದಣಿ ರದ್ದುಮಾಡಬೇಕು, ಹಕ್ಕು ನಮ್ಮ ಕಕ್ಷಿದಾರರದೇ ಎಂದು ಘೋಷಿಸಬೇಕು, ಎದುರುಪಕ್ಷದ ಕೈಯಲ್ಲಿರುವ ಎಲ್ಲ ಮಾಲನ್ನೂ ಅವರ ಖರ್ಚಿನಲ್ಲೇ ನಾಶಪಡಿಸಬೇಕು. ಎಂಟು ವರ್ಷದಲ್ಲಿ ಅಂಬಿಕಾ ಈ ಪ್ಯಾರಾವನ್ನು ಎಷ್ಟು ಅರ್ಜಿಗೆ ಅಂಟಿಸಿದ್ದಳೋ ಲೆಕ್ಕವಿಲ್ಲ. ಬೆರಳುಗಳು ತಮ್ಮಷ್ಟಕ್ಕೆ ಮಾಡುವ ಕೆಲಸ ಅದು. ಆದರೆ ಈ ಸಲ ಬೆರಳಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಅವಳು ಅದನ್ನು ಓದಿದಳು. ಎಲೆಯಿಂದ ಇಳಿದ ಸೊನೆ ನೆನಪಾಯಿತು, ಮೈ ಉರಿಯಿತು. 'ನಾಶಪಡಿಸಬೇಕು' ಎಂಬಲ್ಲಿ 'ಸುಟ್ಟು ನಾಶಪಡಿಸಬೇಕು' ಎಂದು ತಾನೇ ಸೇರಿಸಿದಳು. ಆಗ ಅವಳಿಗೆ ತುಂಬ ಸಮಾಧಾನವಾಯಿತು.

ಗೆದ್ದರು. ದೀಪಾವಳಿಯ ಮುಂಚೆ ತಳಿ ಪ್ರಾಧಿಕಾರದ ಆದೇಶ ಬಂತು. ಕೇಳಿದ್ದೆಲ್ಲ ಒಂದಕ್ಷರ ಬಿಡದೆ ಕೊಟ್ಟಿದ್ದರು. ಬೆಳೆಗಾರರು ಕಚೇರಿಗೆ ಬಂದು ರಾಯರಿಗೆ ಶಾಲು ಹೊದಿಸಿದರು, ಅಂಬಿಕಾಗೆ ಒಂದು ಗೊನೆ ಕೊಟ್ಟರು. ಮರುದಿನ ಬೆಳಿಗ್ಗೆ ಅವಳು ಪೇಡೆಯ ಡಬ್ಬಿ ಹಿಡಿದು ಕಮಲಾಪುರಕ್ಕೆ ಹೊರಟಳು. ಬಸ್ಸಿನಲ್ಲಿರುವಾಗ ಎದುರುಪಕ್ಷದ ವಕೀಲರ ಮೇಲ್ ಬಂತು. ಗೆದ್ದವರ ಅಲಕ್ಷ್ಯದಲ್ಲಿ ತೆರೆಯಲಿಲ್ಲ.

ಲಲಿತಾಬಾಯಿ ತಾಯಿಬುಡದ ಹತ್ತಿರವೇ ಕುಳಿತಿದ್ದಳು. ಪೇಡೆ ಬಾಯಿಗಿಟ್ಟುಕೊಂಡು, ನಕ್ಕು, ಅಂಬಿಕಾಳ ಗದ್ದ ಹಿಡಿದು ಮುದ್ದಾಡಿದಳು.

"ಗೆದ್ದಿ ಬಿಡು ನನ್ನವ್ವ. ಹಂಗಾರ ಅವ್ರು ಈಗ ಕೇಳ್ತಾರೇನು?"

"ಏನು ಕೇಳೋದು?"

"ಒಯ್ತೀವಿ ಅಂತ ಕೇಳ್ಬೇಕಲ್ಲ. ಕೇಳಿದ್ರ ಕೊಟ್ಟಬಿಡ್ತೀನಿ. ಅವೂ ನನ್ನ ಮಕ್ಕಳೇ. ಅಲ್ಲಿದ್ದವ್ನ ಏನ್ ಮಾಡ್ತಾರ?"

ಅಂಬಿಕಾ ಪೇಡೆಯ ಡಬ್ಬಿ ಕೆಳಗಿಟ್ಟಳು. ಅವಳು ಫೋನ್ ತೆಗೆದು ಮೇಲ್ ಓದಿದಳು. ಬಹಳ ಮರ್ಯಾದೆಯ ಕಾಗದ. ಆದೇಶವನ್ನು ಗೌರವಿಸಿ, ತಡಮಾಡದೆ, ಇಂದೇ ಬೆಳಿಗ್ಗೆ ಎಂಟು ಗಂಟೆಗೆ ಗಾಜಿನ ಮನೆಯ ಗಿಡಗಳನ್ನೆಲ್ಲ ಅಧಿಕಾರಿಗಳ ಎದುರು ಸುಡುತ್ತೇವೆ ಎಂದಿತ್ತು. ಅವರ ಎಂಟು ಅಂದರೆ ಇಲ್ಲಿ ಹನ್ನೆರಡೂವರೆ. ಈಗ ಹನ್ನೆರಡೂ ಹತ್ತು.

ರಾಯರಿಗೆ ಫೋನ್ ಮಾಡಿದಳು. "ತಡೀರಿ ಸರ್, ಹ್ಯಾಂಗಾರ ಮಾಡಿ ತಡೀರಿ."

"ಹ್ಯಾಂಗ ತಡೀಲಿ? ಆದೇಶ ನಾವೇ ಕೇಳಿ ತಗೊಂಡೀವಲ್ಲ," ಎಂದರು ರಾಯರು. "ಮೇಲ್ ಹಾಕ್ತೀನಿ. ಅವ್ರ ಆಫೀಸು ತೆಗಿಯೋದು ಒಂಬತ್ತಕ್ಕ."

ಅಂಬಿಕಾ ದೊಡ್ಡವ್ವನ ಕಾಲ ಬಳಿ ಕುಸಿದು ಎಲ್ಲ ಹೇಳಿದಳು. ಸುಟ್ಟು ಎಂಬ ಮಾತು ತಾನೇ ಸೇರಿಸಿದ್ದನ್ನೂ ಹೇಳಿದಳು. "ಈಗ ಕೊಟ್ಟೆ ಅಂತ ಹೇಳಿಬಿಡು ದೊಡ್ಡವ್ವ. ನೀರು ಹಾಕು. ಬ್ಯಾರೆ ಆಗ್ಲಿ."

ಲಲಿತಾಬಾಯಿ ಬುಡಕ್ಕೆ ಒಂದು ತಂಬಿಗೆ ನೀರು ಹಾಕಿದಳು. "ಕೇಳಬೇಕಾದವ್ರು ಅವ್ರವ್ವಾ. ಕೇಳದೆ ಇದ್ದವ್ರಿಗಿ ನಾ ಹ್ಯಾಂಗ ಕೊಡ್ಲಿ?"

ಆಗ ಅಂಬಿಕಾಗೆ ಹೊಳೆಯಿತು. ಮೇಲ್ ತಲುಪದಿದ್ದರೇನು, ಇಲ್ಲಿ ಬರೆದದ್ದು ಅಲ್ಲಿ ಕಾಣುತ್ತದೆ! ಅವಳು ಎದುರಿನ ಕಾಂಡವನ್ನು ಹಿಡಿದುಕೊಂಡು, 'ಲ' ದ ಕೆಳಗೆ, ಉಗುರಿನಿಂದ ಇಂಗ್ಲಿಷಿನಲ್ಲಿ ದೊಡ್ಡದಾಗಿ ಗೀಚಿದಳು: ಸುಡಬೇಡಿ. ಉಗುರು ಮುರಿದು ರಕ್ತ ಬಂತು. ಎರಡನೆಯ ಗಿಡದ ಮೇಲೂ ಬರೆದಳು, ಮೂರನೆಯದರ ಮೇಲೂ ಬರೆದಳು. ನಾಲ್ಕು ಸಾವಿರ ಗಿಡ ಒಟ್ಟಿಗೆ ಕೂಗಿದರೆ ಒಬ್ಬರಾದರೂ ಓದದೆ ಇರುತ್ತಾರೆಯೇ?

ಹನ್ನೆರಡೂ ಇಪ್ಪತ್ತಾಯಿತು. ಇಪ್ಪತ್ತೈದಾಯಿತು. ತೋಟದಲ್ಲಿ ಒಂದು ಹಕ್ಕಿಯ ಸದ್ದೂ ಇರಲಿಲ್ಲ.

ಆಮೇಲೆ ಅವಳ ಅಕ್ಷರಗಳ ಕೆಳಗೆ ಕಾಂಡದ ತೊಗಟೆ ಬಿಳಿಯಾಗತೊಡಗಿತು. ಒಂದು ಗೆರೆ ಒಳಗಿನಿಂದ ಎದ್ದು ಬಂತು, ಪಕ್ಕದಲ್ಲಿ ಇನ್ನೊಂದು. ಅಲ್ಲಿ ಯಾರೋ ನಿಂತು ಅವಸರದಲ್ಲಿ, ಬಹುಶಃ ಕೀಲಿಕೈಯಿಂದ, ಗೀಚುತ್ತಿದ್ದರು. ಇಂಗ್ಲಿಷ್ ಅಕ್ಷರಗಳು. ಓದಿದ್ದಾರೆ! ಅಂಬಿಕಾ ಅತ್ತುಬಿಟ್ಟಳು. ಅಕ್ಷರಗಳು ಒಂದೊಂದಾಗಿ ಕೂಡಿಕೊಂಡು ಒಂದು ಸಾಲಾಗಿ ನಿಂತವು. ಅವಳು ಓದಿದಳು. ಮತ್ತೆ ಓದಿದಳು.

"ಏನಂತ ಬರದಾರ?" ಲಲಿತಾಬಾಯಿ ಆಸೆಯಿಂದ ಕೇಳಿದಳು. "ಕೇಳ್ಯಾರೇನು? ಕೇಳಿದ್ರ ಈಗೇ ಕೊಟ್ಟೆ ಅಂತೀನಿ."

ಒಂದು ಸುಳ್ಳು ಸಾಕಿತ್ತು. ಅಂಬಿಕಾಳ ನಾಲಿಗೆಗೆ ಅದು ಬರಲೂ ಬಂದಿತ್ತು. ಆದರೆ ಆ ಕಾಂಡದ ಎದುರು ಸುಳ್ಳು ಹೇಳಲು ಅವಳಿಗೆ ಆಗಲಿಲ್ಲ.

"'ಕ್ಷಮಿಸಿ' ಅಂತ ಬರದಾರ ದೊಡ್ಡವ್ವ. 'ಆದೇಶ ನಿಮ್ಮದೇ.'"

ಹನ್ನೆರಡೂವರೆಗೆ ಮೊದಲ ಎಲೆಯ ತುದಿ ಸುಟ್ಟ ಬಣ್ಣಕ್ಕೆ ತಿರುಗಿತು. ಹೊಗೆ ಇರಲಿಲ್ಲ, ಬೆಂಕಿ ಇರಲಿಲ್ಲ, ನೆಲ ತಣ್ಣಗಿತ್ತು. ಎಲೆಗಳು ಮಾತ್ರ ಒಂದರ ಹಿಂದೆ ಒಂದು ಸುರುಳಿ ಸುತ್ತಿಕೊಂಡವು. ಕಾಂಡ ಕಪ್ಪಾಯಿತು, ಒಳಗಿನ ನೀರು ಕುದಿಯುವ ಸದ್ದು ಕೇಳಿಸಿತು.

"ಈಚಿಗಿ ಬಾ ದೊಡ್ಡವ್ವ, ಕೈ ಸುಡ್ತದ, ದೂರ ಸರಿ!" ಎಂದು ಅಂಬಿಕಾ ಅವಳ ರಟ್ಟೆ ಹಿಡಿದು ಎಳೆದಳು.

ಲಲಿತಾಬಾಯಿ ಸರಿಯಲಿಲ್ಲ. ಸೊಟ್ಟ ಹೆಬ್ಬೆರಳನ್ನು ಮೂರನೆಯ ಗೆರೆಯ ಮೇಲೆ ಒತ್ತಿ ಹಿಡಿದುಕೊಂಡೇ, ಯಾರಾದರೂ ಕೇಳಲಿ ಎಂದು ಕಾಯುತ್ತ ನಿಂತಿದ್ದಳು.